‘ಇದರಲ್ಲಿ ನೀನು ಮಾಡಿದ್ದು ಯಾವುದು?’ ಎಂದು ಮಕ್ಕಳನ್ನು ಕೇಳಿ

ಮಾನ್ಯ ಸಂಪಾದಕರೇ,

ನಮ್ಮ ದಾವಣಗೆರೆಯ ಶಾಲೆಗಳಲ್ಲಿ ಈಗ ವಿಜ್ಞಾನ ವಸ್ತುಪ್ರದರ್ಶನಗಳ ಕಾಲ. ನಿಮ್ಮ ಜಿಲ್ಲಾ ಪುಟದಲ್ಲಿ ದಿನಾ ಒಂದಲ್ಲ ಒಂದು ಫೋಟೊ ಬರುತ್ತಿದೆ. ಮಕ್ಕಳು ಮೇಜಿನ ಹಿಂದೆ, ಅತಿಥಿಗಳು ಮುಂದೆ. ಆ ಮೇಜುಗಳ ಮುಂದೆ ನಿಂತು ಅಂಕ ಹಾಕುವವರಿಗೆ ನನ್ನದೊಂದು ಕೋರಿಕೆ ಇದೆ. ಯಾಕೆ ಕೇಳುತ್ತಿದ್ದೇನೆ ಅಂತ ಗೊತ್ತಾಗಬೇಕಾದರೆ ಒಂದು ಸಣ್ಣ ಎಂಜಿನ್ನಿನ ವಿಷಯ ಹೇಳಬೇಕು. ಪತ್ರ ಉದ್ದವಾದರೆ ಕ್ಷಮಿಸಿ.

ನಾನು 34 ವರ್ಷದಿಂದ ಮೋಟಾರ್ ರಿವೈಂಡಿಂಗ್, ಅಂದರೆ ಸುಟ್ಟ ಮೋಟಾರಿಗೆ ಹೊಸದಾಗಿ ತಂತಿ ಸುತ್ತುವ ಕೆಲಸ, ಮಾಡುತ್ತಿದ್ದೇನೆ. ಪಿ.ಬಿ. ರಸ್ತೆಯಿಂದ ಸ್ವಲ್ಪ ಒಳಕ್ಕೆ ನನ್ನ ಅಂಗಡಿ. ಚನ್ನಗಿರಿ ಕಡೆಯ ಅಡಿಕೆ ತೋಟದ ಬೋರ್ ಮೋಟಾರ್, ಹರಿಹರದ ಕಡೆಯ ಗದ್ದೆಯ ಪಂಪು, ಹಿಟ್ಟಿನ ಗಿರಣಿಯ ಮೋಟಾರ್, ಮನೆಯ ಫ್ಯಾನು, ಮಿಕ್ಸಿ. ಸುಟ್ಟ ಮೇಲೆ ಎಲ್ಲವೂ ನನ್ನ ಹತ್ತಿರ ಬರುತ್ತವೆ. ಬೇಸಿಗೆಯಲ್ಲಿ ವೋಲ್ಟೇಜ್ ಇಳಿಯುತ್ತದೆ, ಮೋಟಾರ್ ಜಾಸ್ತಿ ಕರೆಂಟ್ ಎಳೆಯುತ್ತದೆ, ಕಾಯಿಲ್ ಕಪ್ಪಾಗುತ್ತದೆ. ಆಗ ನನಗೆ ಊಟಕ್ಕೂ ಪುರುಸೊತ್ತು ಇರುವುದಿಲ್ಲ. ಮಳೆ ಹಿಡಿದರೆ ಕೆಲಸ ಕಡಿಮೆ.

ಹೋದ ವರ್ಷ ಅಂಥ ಮಳೆಗಾಲದಲ್ಲೇ ನನ್ನ ಮೊಮ್ಮಗಳಿಗೆ ಅವಳ ಸೋದರಮಾವ ಬೆಂಗಳೂರಿನಿಂದ ಒಂದು ವಿಮಾನದ ಕಿಟ್ ತಂದುಕೊಟ್ಟ. ಅವಳು ಒಂಬತ್ತನೇ ಕ್ಲಾಸು. ಪ್ಲಾಸ್ಟಿಕ್ ತುಂಡುಗಳನ್ನು ಚೌಕಟ್ಟಿನಿಂದ ಕತ್ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಹೊಡೆಯುವ ಕಿಟ್ ಅದು. ವಿಮಾನದ ಹೆಸರು ಹಾರ್ವರ್ಡ್. ನಿಜ ವಿಮಾನದ 48 ಇಂಚು ಇದರಲ್ಲಿ 1 ಇಂಚು. ರೆಕ್ಕೆಯ ತುದಿಯಿಂದ ತುದಿಗೆ ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ ಬರುತ್ತದೆ.

ಹಾರ್ವರ್ಡ್ ಅಮೆರಿಕದ ಕಂಪನಿ ರೂಪಿಸಿದ ತರಬೇತಿ ವಿಮಾನ. ಅವರು ಟಿ-6 ಟೆಕ್ಸನ್ ಎನ್ನುತ್ತಾರೆ. ಬ್ರಿಟಿಷರು ಹಾರ್ವರ್ಡ್ ಅಂದರು, ನಮ್ಮಲ್ಲೂ ಅದೇ ಹೆಸರು ಉಳಿಯಿತು. ಎಲ್ಲ ಬಗೆಯದೂ ಸೇರಿ 15,000ಕ್ಕೂ ಜಾಸ್ತಿ ತಯಾರಾಗಿವೆ. ನಮ್ಮ ವಾಯುಪಡೆಯ ಎಷ್ಟೋ ಪೈಲಟ್‌ಗಳ ಕೈ ಪಳಗಿದ್ದು ಇದರಲ್ಲೇ. ಮೂತಿಯಲ್ಲಿ ಪ್ರಾಟ್ ಅಂಡ್ ವಿಟ್ನಿ ಕಂಪನಿಯ ವಾಸ್ಪ್ ಎಂಜಿನ್. 22 ಲೀಟರ್, 600 ಅಶ್ವಶಕ್ತಿ. ಒಂಬತ್ತು ಸಿಲಿಂಡರ್‌ಗಳು ಹೂವಿನ ದಳದ ಹಾಗೆ ಸುತ್ತಲೂ ನಿಂತಿರುತ್ತವೆ. ನೀರು, ರೇಡಿಯೇಟರ್ ಏನೂ ಇಲ್ಲ. ಎದುರಿಂದ ಬರುವ ಗಾಳಿಯೇ ಅದನ್ನು ತಣ್ಣಗಿಡಬೇಕು. ಅದಕ್ಕೇ ಪ್ರತಿ ಸಿಲಿಂಡರ್ ಮೈಮೇಲೆ ತೆಳು ತೆಳು ಪದರುಗಳಿರುತ್ತವೆ, ನಮ್ಮ ಬೈಕಿನ ಎಂಜಿನ್ ಮೇಲೆ ಇರುತ್ತವಲ್ಲ, ಹಾಗೆ.

ಕಿಟ್‌ನೊಳಗಿನ ಎಂಜಿನ್ ಹತ್ತು ರೂಪಾಯಿ ನಾಣ್ಯದಷ್ಟು. ನಾಣ್ಯವನ್ನು ಪಕ್ಕಕ್ಕೆ ಇಟ್ಟೇ ನೋಡಿದೆವು. ನಿಜವಾದ ಎಂಜಿನ್ನಿನ ಅಡ್ಡಳತೆ ಸುಮಾರು 1.3 ಮೀಟರ್. 48ರಿಂದ ಭಾಗಿಸಿದರೆ 27 ಮಿಲಿಮೀಟರ್. ನಾಣ್ಯವೂ 27 ಮಿಲಿಮೀಟರ್. ಅಷ್ಟರಲ್ಲಿ ಒಂಬತ್ತು ಸಿಲಿಂಡರ್, ಅವುಗಳ ಪದರುಗಳು, ನಡುವಿನ ಕ್ರ್ಯಾಂಕ್‌ಕೇಸ್, ಎಲ್ಲವನ್ನೂ ಅಚ್ಚು ಹಾಕಿದ್ದರು. ನನಗೆ ಅದೇ ದೊಡ್ಡದು ಅನ್ನಿಸಿತು. ಅವಳು ಮಾತ್ರ ಫೋನಿನಲ್ಲಿ ನಿಜವಾದ ಎಂಜಿನ್ನಿನ ಚಿತ್ರ ತೆಗೆದು, ಅದನ್ನೂ ಇದನ್ನೂ ನೋಡಿ ನೋಡಿ ಹೇಳಿದಳು: “ತಾತ, ಇದಕ್ಕೆ ವೈರೇ ಇಲ್ಲ. ಪ್ಲಗ್‌ಗೆ ಕರೆಂಟ್ ಎಲ್ಲಿಂದ ಬರುತ್ತೆ?”

ಸಂಪಾದಕರೇ, ಕರೆಂಟ್ ಎಲ್ಲಿಂದ ಬರುತ್ತೆ ಅಂತ ಒಬ್ಬ ವೈಂಡರ್‌ನನ್ನು ಕೇಳಿದರೆ ಅವನು ಸುಮ್ನೆ ಕೂರುತ್ತಾನಾ? ಅವತ್ತಿನಿಂದ ನಾನೂ ಆ ಕೆಲಸಕ್ಕೆ ಸೇರಿಕೊಂಡೆ.

ಆ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರ್‌ಗೆ ಕಿಡಿ ಹೊತ್ತಿಸುವ ಎರಡು ಪ್ಲಗ್. ಒಟ್ಟು 18. ಹಿಂಭಾಗದಲ್ಲಿ ಎರಡು ಮ್ಯಾಗ್ನೆಟೊ. ಒಂದು ಮ್ಯಾಗ್ನೆಟೊ ಎಲ್ಲ ಸಿಲಿಂಡರ್‌ಗಳ ಮುಂದಿನ ಪ್ಲಗ್‌ಗೆ ಕಿಡಿ ಕೊಡುತ್ತದೆ, ಇನ್ನೊಂದು ಹಿಂದಿನ ಪ್ಲಗ್‌ಗೆ. ಆಕಾಶದಲ್ಲಿ ಒಂದು ಕೈಕೊಟ್ಟರೂ ಇನ್ನೊಂದು ಎಂಜಿನ್ ನಡೆಸುತ್ತದೆ. ಎರಡೂ ಕಡೆಯಿಂದ ಉರಿ ಹತ್ತುವುದರಿಂದ ಪೆಟ್ರೋಲೂ ಚೆನ್ನಾಗಿ ಉರಿಯುತ್ತದೆ. ಹಾರುವ ಮುಂಚೆ ಪೈಲಟ್ ಒಂದೊಂದೇ ಮ್ಯಾಗ್ನೆಟೊ ಆರಿಸಿ ಎಂಜಿನ್ ವೇಗ ಎಷ್ಟು ಇಳಿಯಿತು ಅಂತ ನೋಡಿಕೊಳ್ಳುತ್ತಾನೆ.

ಮ್ಯಾಗ್ನೆಟೊ ನನಗೆ ಹೊಸದಲ್ಲ. ಲೂನಾ ಗಾಡಿಯಲ್ಲೂ ಮ್ಯಾಗ್ನೆಟೊ ಇತ್ತು, ಎಷ್ಟೋ ಬಿಚ್ಚಿ ನೋಡಿದ್ದೇನೆ. ಮ್ಯಾಗ್ನೆಟ್ ತಿರುಗುತ್ತದೆ. ದಪ್ಪ ತಂತಿಯ ಕೆಲವೇ ಸುತ್ತಿನ ಕಾಯಿಲ್‌ನಲ್ಲಿ ಕರೆಂಟ್ ಹುಟ್ಟುತ್ತದೆ. ಆ ಕರೆಂಟನ್ನು ಕಡಿಯುವ ಸ್ವಿಚ್ಚಿನಂಥ ಪಾಯಿಂಟ್ ಬಿಡಿಸಿಕೊಂಡ ಗಳಿಗೆಯಲ್ಲಿ, ಅದರ ಮೇಲೇ ಸುತ್ತಿರುವ ಕೂದಲಿನಂಥ ತಂತಿಯ ಸಾವಿರಾರು ಸುತ್ತುಗಳಲ್ಲಿ ಸಾವಿರಾರು ವೋಲ್ಟ್ ಚಿಮ್ಮುತ್ತದೆ. ಕಿಡಿಗೆ ಬ್ಯಾಟರಿಯೇ ಬೇಡ. ಅದನ್ನು ಅವಳಿಗೆ ಬಿಡಿಸಿ ಹೇಳುವಾಗ ನನಗೆ ಒಂಥರಾ ಆಯಿತು. ಅಷ್ಟು ದೊಡ್ಡ ವಿಮಾನದ ಎಂಜಿನ್ನಿನೊಳಗೆ ನನ್ನ ಕಸುಬೂ ಕೂತಿದೆ ಅಂತ ನನಗೆ ಅವತ್ತಿನವರೆಗೆ ಹೊಳೆದಿರಲಿಲ್ಲ.

ತಂತಿ ಎಷ್ಟು ದಪ್ಪ ಇರಬೇಕು? ಅದನ್ನು ಅವಳೇ ಲೆಕ್ಕ ಹಾಕಿದಳು. ನಿಜವಾದ ಪ್ಲಗ್ ವೈರ್ ಹೊದಿಕೆ ಸೇರಿ 9-10 ಮಿಲಿಮೀಟರ್ ಅಂತ ಹಿಡಿದರೆ, 48ರಿಂದ ಭಾಗಿಸಿ 0.2ರ ಆಸುಪಾಸು. ನಾನು ಮೈಕ್ರೋಮೀಟರ್ ಕೊಟ್ಟೆ. ಅಂಗಡಿಯ ಒಂದೊಂದೇ ರೀಲ್ ಅಳೆದಳು. ನಮ್ಮಲ್ಲಿ ನಂಬರ್ ಜಾಸ್ತಿಯಾದಷ್ಟು ತಂತಿ ತೆಳು. 36 ನಂಬರ್ ತಂತಿ, 0.19. ಸೀಲಿಂಗ್ ಫ್ಯಾನಿಗೆ ಹಾಕುವ ತಂತಿ! ದಿನಾ ನನ್ನ ಬೆರಳ ಸಂದಿಯಲ್ಲಿ ಓಡುವ ತಂತಿ. ವಾಲ್ವ್ ತೆರೆಯುವ ಸರಳಿಗೆ ಪುಷ್‌ರಾಡ್ ಅಂತಾರೆ; ಸಿಲಿಂಡರ್ ತಲೆಗೆ ಹೋಗುವ ಅದರ ಕೊಳವೆ ಸುಮಾರು ಒಂದು ಇಂಚು ದಪ್ಪ ಅಂತಿಟ್ಟುಕೊಂಡರೆ ಮಾದರಿಯಲ್ಲಿ ಅರ್ಧ ಮಿಲಿಮೀಟರ್. 25 ನಂಬರ್ ತಂತಿ ಸರಿಯಾಗಿ ಅಷ್ಟೇ. ಒಂದು ಪಂಪಿನ ಕೆಲಸದಲ್ಲಿ ಉಳಿದ ತುಂಡುಗಳು ಡಬ್ಬಿಯಲ್ಲಿ ಬಿದ್ದಿದ್ದವು. ಹೊರಗಿನಿಂದ ಒಂದು ರೂಪಾಯಿಯ ತಂತಿಯನ್ನೂ ತರಲಿಲ್ಲ.

ಮೊದಲು ಪುಷ್‌ರಾಡ್ ಕೆಲಸ. ಸಿಲಿಂಡರ್‌ಗೆ ಎರಡರಂತೆ 18. ಕಿಟ್‌ನವರು ಅಚ್ಚಿನಲ್ಲೇ ಹಾಕಿದ್ದ ದಪ್ಪ ಗೆರೆಗಳನ್ನು ಅವಳು ಬ್ಲೇಡಿನಿಂದ ಕೆರೆದು ತೆಗೆದಳು. ರೀಲಿನಿಂದ ಬಂದ ತಂತಿ ಯಾವಾಗಲೂ ಡೊಂಕು. ಅದಕ್ಕೆ ನಮ್ಮ ಕಸುಬಿನ ಒಂದು ಉಪಾಯ ಹೇಳಿಕೊಟ್ಟೆ. ಒಂದು ತುದಿ ವೈಸ್‌ನಲ್ಲಿ ಹಿಡಿಸಿ, ಇನ್ನೊಂದು ತುದಿಯನ್ನು ಇಕ್ಕಳದಲ್ಲಿ ಹಿಡಿದು ಮೆಲ್ಲಗೆ ಎಳೆಯಬೇಕು. ತಂತಿ ಒಂಚೂರು ಹಿಗ್ಗಿದ್ದು ಕೈಗೆ ಗೊತ್ತಾಗುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಬಿಟ್ಟರೆ ತಂತಿ ಕಡ್ಡಿಯ ಹಾಗೆ ನೆಟ್ಟಗೆ, ಗಟ್ಟಿ. ಮೂರು ಸಲ ಕಡಿದುಕೊಂಡಳು, ನಾಲ್ಕನೇ ಸಲಕ್ಕೆ ಕೈ ಕೂತಿತು. 18 ತುಂಡೂ ಒಂದೇ ಉದ್ದ ಬರಬೇಕಲ್ಲ, ಅದಕ್ಕೆ ಹಳೇ ಎಟಿಎಂ ಕಾರ್ಡಿನ ಅಂಚಿನಲ್ಲಿ ಒಂದು ಕಚ್ಚು ಮಾಡಿಕೊಂಡು ಅದರಲ್ಲಿಟ್ಟು ಕತ್ತರಿಸಿದಳು. ಇದು ಅವಳದೇ ಉಪಾಯ.

ಆಮೇಲೆ ಉಂಗುರ. ಪ್ಲಗ್ ವೈರುಗಳು ಸಿಲಿಂಡರ್‌ಗಳ ಮುಂದೆ ಒಂದು ಉಂಗುರದಂಥ ಕೊಳವೆಯಿಂದ ಕವಲೊಡೆದು ಹೊರಡುತ್ತವೆ. ನಮ್ಮ ಪಕ್ಕದಲ್ಲೊಂದು ಲೇತ್ ಅಂಗಡಿ ಇದೆ. ಅಲ್ಲಿನ ಲೇತ್ ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ತಯಾರಾದದ್ದು, ಇವತ್ತಿಗೂ ಕೂದಲೆಳೆ ತಪ್ಪದೆ ತಿರುಗುತ್ತದೆ. ಅಲ್ಲಿಯವರು 13 ಮಿಲಿಮೀಟರಿನ ಒಂದು ಹಿತ್ತಾಳೆ ಸರಳು ತಿರುವಿ ಕೊಟ್ಟರು, ದುಡ್ಡು ಮುಟ್ಟಲಿಲ್ಲ. ಆ ಸರಳಿಗೆ 22 ನಂಬರ್ ತಂತಿ ಸುತ್ತಿ ಉಂಗುರ ಮಾಡಿದೆವು. ಗಡಿಯಾರ ರಿಪೇರಿ ಮಾಡುವ ನನ್ನ ಗೆಳೆಯ ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿ ಕೊಟ್ಟ.

ಉಂಗುರದಲ್ಲಿ ಒಂಬತ್ತು ಗುರುತು. ಮೊದಲ ಸಲ ಕಣ್ಣಳತೆಯಲ್ಲಿ ಗುರುತು ಹಾಕಿದಳು. ಅಂಟಿಸಿದ ಮೇಲೆ ನೋಡಿದರೆ ಒಂದು ಕಡೆ ವೈರುಗಳು ಒತ್ತಾಗಿ, ಇನ್ನೊಂದು ಕಡೆ ಬಿಡಿಬಿಡಿಯಾಗಿ ಕೂತಿದ್ದವು. ಸಾಲದ್ದಕ್ಕೆ ಫೆವಿಕ್ವಿಕ್ ಜಾಸ್ತಿಯಾಗಿ ಅದರ ಆವಿ ಹತ್ತಿ ಮೂರು ಸಿಲಿಂಡರ್ ಮೇಲೆ ಬಿಳಿ ಪೊರೆ ಕಟ್ಟಿತು. ಒಂದು ಭಾನುವಾರದ ಕೆಲಸ ಪೂರಾ ಹಾಳು. ಅವಳು ಅಳಲಿಲ್ಲ, ಆದರೆ ಎರಡು ದಿನ ಅದನ್ನು ಮುಟ್ಟಲೂ ಇಲ್ಲ. ಮೂರನೇ ದಿನ ಕೋನಮಾಪಕ ತೆಗೆದಳು. 360ನ್ನು 9ರಿಂದ ಭಾಗಿಸಿದರೆ 40. ಕಾಗದದ ಮೇಲೆ 40 ಡಿಗ್ರಿಗೊಂದು ಗೆರೆ ಎಳೆದು, ಉಂಗುರವನ್ನು ಅದರ ಮೇಲಿಟ್ಟು ಗುರುತು ಮಾಡಿದಳು. ಅಂಟನ್ನು ಸೀಸೆಯಿಂದ ನೇರ ಹಾಕದೆ ಸೂಜಿಯ ತುದಿಯಲ್ಲಿ ಎತ್ತಿ ಮುಟ್ಟಿಸಿದಳು. ಈ ಸಲ ಎಲ್ಲವೂ ಸಮ ಬಂತು. ಭಾಗಾಕಾರ ಅವಳಿಗೆ ಮೂರನೇ ಕ್ಲಾಸಿನಿಂದ ಬರುತ್ತದೆ. ಅದು ಕೈಗೆ ಇಳಿದದ್ದನ್ನು ನಾನು ಕಣ್ಣಾರೆ ನೋಡಿದ್ದು ಅವತ್ತು.

ವೈರ್ ಎಳೆಯುವಾಗ ಸಿಲಿಂಡರ್‌ಗಳಿಗೆ ನಂಬರ್ ಹಾಕಿಕೊಂಡೆವು. ಕಿಡಿ ಯಾವ ಸಾಲಿನಲ್ಲಿ ಹೋಗುತ್ತದೆ ಅಂತ ಹುಡುಕಿದಾಗ ಸಿಕ್ಕಿತು: 1, 3, 5, 7, 9, 2, 4, 6, 8. ಒಂದನ್ನು ಬಿಟ್ಟು ಒಂದು. ಇದು ಫೋರ್ ಸ್ಟ್ರೋಕ್ ಎಂಜಿನ್, ಎಲ್ಲ ಸಿಲಿಂಡರ್‌ಗೂ ಒಂದು ಸರದಿ ಬರಲು ನಡುವಿನ ತಿರುಗುವ ದಂಡ, ಅಂದರೆ ಕ್ರ್ಯಾಂಕ್, ಎರಡು ಸುತ್ತು ತಿರುಗಬೇಕು. ಬೆಸ ಸಂಖ್ಯೆಯ ಸಿಲಿಂಡರ್ ಇದ್ದರೆ ಮಾತ್ರ ಎರಡು ಸುತ್ತಿನಲ್ಲಿ ಎಲ್ಲಕ್ಕೂ ಸಮ ಅಂತರದಲ್ಲಿ ಕಿಡಿ ಸಿಗುತ್ತದೆ. ಎಂಟು ಸಿಲಿಂಡರ್ ಇಟ್ಟು ಕಾಗದದ ಮೇಲೆ ಅವಳೇ ಬರೆದು ನೋಡಿದಳು. 1, 3, 5, 7 ಆದ ಮೇಲೆ ತಿರುಗಿ 1ಕ್ಕೇ ಬಂತು. ಇಂಥ ಎಂಜಿನ್ನಿನಲ್ಲಿ ಒಂದು ಸಾಲಿಗೆ ಐದು, ಏಳು, ಒಂಬತ್ತು ಸಿಲಿಂಡರ್ ಯಾಕೆ ಇಡುತ್ತಾರೆ ಅನ್ನುವುದು ನನಗೂ ಅವತ್ತೇ ತಿಳಿದದ್ದು.

ಮುಂದಿನ ಒಂಬತ್ತು ವೈರ್ ಆದವು. ಹಿಂದಿನ ಒಂಬತ್ತು ಬೇಡ ಬಿಡು, ಯಾರಿಗೂ ಕಾಣುವುದಿಲ್ಲ ಅಂದೆ. ಎಂಜಿನ್ ಸುತ್ತ ಡಬ್ಬಿಯಂಥ ಮುಚ್ಚಳ ಬರುತ್ತದೆ, ಅದಕ್ಕೆ ಕೌಲಿಂಗ್ ಅಂತಾರೆ. ಅದನ್ನು ಹಾಕಿದರೆ ಮುಂದಿನವೇ ಅರ್ಧ ಮರೆಯಾಗುತ್ತವೆ, ಹಿಂದಿನವು ದೇವರಿಗೇ ಗೊತ್ತು. ಅದಕ್ಕೆ ಅವಳು ಹೇಳಿದ್ದು: “ಹಾಕದಿದ್ರೆ ಎರಡನೇ ಮ್ಯಾಗ್ನೆಟೊ ಸುಮ್ನೆ ಕೂತಿರುತ್ತೆ ತಾತ.”

ನಾನು ಮರುಮಾತಾಡಲಿಲ್ಲ. ಮೋಟಾರಿನ ಸ್ಲಾಟ್ ಒಳಗೆ ನಾನು ಸುತ್ತುವ ತಂತಿಯನ್ನು ಯಾವ ರೈತ ಬಿಚ್ಚಿ ನೋಡುತ್ತಾನೆ? ಆದರೂ ಒಂದು ಸುತ್ತಿನ ಎನಾಮಲ್, ಅಂದರೆ ತಂತಿಯ ಮೇಲಿನ ತೆಳು ಲೇಪ, ತರಚಿದರೆ ನಾನು ಇಡೀ ಕಾಯಿಲ್ ಬಿಚ್ಚಿ ಮತ್ತೆ ಸುತ್ತುತ್ತೇನೆ. ಅದನ್ನು ಅವಳು ಚಿಕ್ಕಂದಿನಿಂದ ಅಂಗಡಿಯಲ್ಲಿ ಕೂತು ನೋಡಿದ್ದಾಳೆ.

ಹಿಂದಿನ ಒಂಬತ್ತೂ ಆದವು. ಹಾಳಾದ ಇಯರ್‌ಫೋನ್ ವೈರಿನ ಸಿಪ್ಪೆಯನ್ನು ಒಂದೊಂದು ಮಿಲಿಮೀಟರ್ ಕತ್ತರಿಸಿ ಪ್ಲಗ್ ಟೋಪಿ ಮಾಡಿದಳು. ಎನಾಮಲ್ ಮೇಲೆ ಬಣ್ಣ ನಿಲ್ಲುವುದಿಲ್ಲ, ಅದಕ್ಕೆ ನಯವಾದ ಪಾಲಿಶ್ ಪೇಪರ್ ತಾಗಿಸಿದಳು. ಕ್ರ್ಯಾಂಕ್‌ಕೇಸ್‌ಗೆ ಬೂದು ಬಣ್ಣ, ಸಿಲಿಂಡರ್‌ಗೆ ಕಪ್ಪು. ಪದರುಗಳ ಅಂಚಿಗೆ ಒಣ ಬ್ರಷ್‌ನಲ್ಲಿ ಬೆಳ್ಳಿ ಬಣ್ಣ ಸವರಿದಾಗ ಪ್ರತಿ ಗೆರೆಯೂ ಎದ್ದು ಕಂಡಿತು. ಒಟ್ಟು ಹನ್ನೊಂದು ಭಾನುವಾರ ಹಿಡಿಯಿತು. ಕೌಲಿಂಗ್ ಮಾತ್ರ ಅಂಟಿಸಲಿಲ್ಲ. ಬೆರಳಲ್ಲಿ ಎತ್ತಿದರೆ ಬರುವ ಹಾಗೆ ಬಿಗಿಯಾಗಿ ಕೂರಿಸಿದಳು.

ಅದನ್ನು ತೆಗೆದುಕೊಂಡು ಒಂದು ವಸ್ತುಪ್ರದರ್ಶನಕ್ಕೆ ಹೋದೆವು. ಯಾವ ಶಾಲೆ ಅನ್ನುವುದು ಬೇಡ. ಅಂಕ ಹಾಕುವವರು ಬಂದರು. ಒಬ್ಬರು ಕೇಳಿದರು: “ಇದು ಅಂಗಡಿಯಲ್ಲಿ ಸಿಗೋ ಕಿಟ್ ಅಲ್ವಾ? ಎಷ್ಟು ಕೊಟ್ರಿ?” ಅವಳು ನಿಜವನ್ನೇ ಹೇಳಿದಳು. ಹೌದು ಸರ್, ಕಿಟ್. ಅವರು ಹಾಳೆಯಲ್ಲಿ ಏನೋ ಬರೆದುಕೊಂಡು ಮುಂದಿನ ಮೇಜಿಗೆ ಹೋದರು. ಅವಳ ಕೈ ಕೌಲಿಂಗ್ ಎತ್ತಲು ಹೋಗಿ ಅಲ್ಲೇ ನಿಂತಿತು. ಪಕ್ಕದ ಮೇಜಿನಲ್ಲಿ ಥರ್ಮೋಕೋಲಿನ ಒಂದು ದೊಡ್ಡ ಮಾದರಿ ಇತ್ತು. ಅದರ ಅಡಿಯಲ್ಲಿ ಅಂಗಡಿಯ ಬೆಲೆ ಚೀಟಿ ಇನ್ನೂ ಅಂಟಿಕೊಂಡಿತ್ತು. ಅದನ್ನು ಕೊಂಡುತಂದ ಮಗುವಿನ ಮೇಲೆ ನನಗೆ ಸಿಟ್ಟಿಲ್ಲ. ಮಗುವಿಗೆ ಬೇರೆ ದಾರಿ ತೋರಿಸಿದವರು ಯಾರೂ ಇರಲಿಲ್ಲವೇನೋ. ಅದಕ್ಕೆ ಬಹುಮಾನ ಬಂತು. ನಮಗೆ ಬರಲಿಲ್ಲ ಅನ್ನುವುದಕ್ಕಿಂತ, ಆ 18 ವೈರನ್ನು ಯಾರೂ ನೋಡಲಿಲ್ಲ ಅನ್ನುವುದು ನನಗೆ ಇವತ್ತಿಗೂ ನೋವು.

ಕಿಟ್ ಕೊಂಡದ್ದೇ, ಒಪ್ಪಿದೆ. ರೆಕ್ಕೆ, ಬಾಲ, ಚಕ್ರ ಕಾರ್ಖಾನೆಯಲ್ಲಿ ಅಚ್ಚಾದವು. ಆದರೆ ಅಂಗಡಿಯ ವಸ್ತುವಿನ ಒಳಗೆ ಮಗುವಿನ ಕೈ ಎಲ್ಲಿಂದ ಶುರುವಾಯಿತು ಅಂತ ನೋಡಬೇಕಲ್ವಾ? ಅದಕ್ಕೆ ಒಂದೇ ಪ್ರಶ್ನೆ ಸಾಕು. “ಇದರಲ್ಲಿ ನೀನು ಮಾಡಿದ್ದು ಯಾವುದು?” ಪ್ರತಿ ಮೇಜಿನ ಮುಂದೆಯೂ ಇದನ್ನು ಕೇಳಿ. ಕೇಳಿ ಎರಡು ನಿಮಿಷ ನಿಲ್ಲಿ. ಏನೂ ಮಾಡದ ಮಗು ತಡವರಿಸುತ್ತದೆ, ಮುಂದಿನ ವರ್ಷಕ್ಕೆ ಏನಾದರೂ ಮಾಡಿಕೊಂಡು ಬರುತ್ತದೆ. ಮಾಡಿದ ಮಗು ಬಾಯಿ ತೆರೆದರೆ ನಿಮಗೆ ಎರಡು ನಿಮಿಷ ಸಾಲುವುದಿಲ್ಲ. ಬೇಕಾದರೆ ಅಲ್ಲೇ ಒಂದು ತಂತಿಯ ತುಂಡು ಕೊಟ್ಟು ನೆಟ್ಟಗೆ ಮಾಡಿ ತೋರಿಸು ಅನ್ನಿ.

ಬೆಂಗಳೂರಿನ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ರೈಟ್ ಸಹೋದರರ ವಿಮಾನದ ಪೂರ್ಣ ಅಳತೆಯ ಮಾದರಿ ಇದೆ. ಶಾಲೆಗಳವರು ಪ್ರವಾಸ ಹೋದಾಗ ಮಕ್ಕಳು ಅದರ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ. 1903ರಲ್ಲಿ ಹಾರಿದ ಆ ವಿಮಾನದ ಎಂಜಿನ್ ಮಾಡಿದ್ದು ಚಾರ್ಲಿ ಟೇಲರ್ ಅನ್ನುವ ಮೆಕ್ಯಾನಿಕ್. ರೈಟ್ ಸಹೋದರರ ಸೈಕಲ್ ಅಂಗಡಿಯಲ್ಲಿ, ಒಂದು ಲೇತ್, ಒಂದು ಡ್ರಿಲ್, ಕೈ ಉಪಕರಣಗಳು, ಅಷ್ಟರಲ್ಲೇ ಸುಮಾರು ಆರು ವಾರದಲ್ಲಿ ನಾಲ್ಕು ಸಿಲಿಂಡರ್ ಎಂಜಿನ್ ಎದ್ದು ನಿಂತಿತು. ಅಷ್ಟು ಸಾಮಾನು ನಮ್ಮ ಊರಿನ ಒಂದೊಂದು ಗಲ್ಲಿಯಲ್ಲೂ ಇದೆ.

ಇನ್ನೊಂದು ಮಾತು. ಪಕ್ಕದ ಚಿತ್ರದುರ್ಗ ಜಿಲ್ಲೆಯಲ್ಲಿ, ಚಳ್ಳಕೆರೆ ಹತ್ತಿರ, ದೇಶದ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ವಿಮಾನ ಪರೀಕ್ಷಾ ಕೇಂದ್ರ 2017ರಲ್ಲಿ ಉದ್ಘಾಟನೆಯಾಯಿತು. ಪೈಲಟ್ ಇಲ್ಲದ ವಿಮಾನಗಳನ್ನು ಅಲ್ಲಿ ಹಾರಿಸಿ ನೋಡುತ್ತಾರೆ. ನಮ್ಮ ಮನೆಗಳಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ದೂರ. ಅಂಥ ಕಡೆ ಕೆಲಸಕ್ಕೆ ಹೋಗುವ ಮಕ್ಕಳು ನಮ್ಮ ಊರಿನಿಂದಲೂ ಹೋಗಲಿ ಅಂತ ನನಗೆ ಆಸೆ. ಮಾರ್ಕ್ಸ್ ಬೇಕು, ಇಲ್ಲ ಅನ್ನುವುದಿಲ್ಲ. ಜೊತೆಗೆ 0.19 ಮಿಲಿಮೀಟರ್ ತಂತಿ ಬೆರಳಿಗೆ ಹೇಗೆ ತಾಗುತ್ತದೆ ಅಂತಲೂ ಗೊತ್ತಿರಲಿ.

ನಮ್ಮ ಊರಿನ ರಿವೈಂಡಿಂಗ್, ಲೇತ್, ವಾಚ್ ರಿಪೇರಿ, ಮೊಬೈಲ್ ರಿಪೇರಿ ಅಂಗಡಿಗಳ ಗೆಳೆಯರಿಗೂ ಇದೇ ಪತ್ರದಲ್ಲಿ ಕೇಳಿಕೊಳ್ಳುತ್ತೇನೆ. ಮಗು ಬಂದು ತಂತಿ ಚೂರು ಕೇಳಿದರೆ ಬೈದು ಕಳಿಸಬೇಡಿ. ಯಾಕೆ ಬೇಕು ಅಂತ ಕೇಳಿ. ಗುಜರಿಗೆ ಹೋಗುವ ಚೂರಿನಲ್ಲಿ ಒಂದು ಹಿಡಿ ಕೊಟ್ಟರೆ ನಮಗೇನೂ ಕಡಿಮೆಯಾಗುವುದಿಲ್ಲ.

ನನ್ನ ಮೊಮ್ಮಗಳು ಈಗ ಎಚ್‌ಟಿ-2 ಶುರು ಮಾಡಿದ್ದಾಳೆ. ಬೆಂಗಳೂರಿನ ವಿಮಾನ ಕಾರ್ಖಾನೆ ಎಚ್‌ಎಎಲ್‌ನಲ್ಲಿ ಎಂಜಿನಿಯರ್ ಘಾಟಗೆ ಅವರ ತಂಡ ರೂಪಿಸಿದ ತರಬೇತಿ ವಿಮಾನ, 1951ರ ಆಗಸ್ಟ್‌ನಲ್ಲಿ ಮೊದಲು ಹಾರಿತು. ಈ ಸಲ ಕಿಟ್ ಇಲ್ಲ. ಮರ, ರಟ್ಟು, ಪ್ಲಾಸ್ಟಿಕ್ ಹಾಳೆಯಲ್ಲಿ ಪೂರ್ತಿ ಕೈಯಲ್ಲೇ ಆಗಬೇಕು. ಅದರ ಎಂಜಿನ್ ಸಿರಸ್ ಮೇಜರ್, ನಾಲ್ಕು ಸಿಲಿಂಡರ್ ಒಂದೇ ಸಾಲಿನಲ್ಲಿ, ಅದೂ ತಲೆಕೆಳಗಾಗಿ. ಎಂಟು ಪುಷ್‌ರಾಡ್‌ಗೆ ತಂತಿ ಆಗಲೇ ಎಳೆದಿಟ್ಟಿದ್ದಾಳೆ.

ಭಾನುವಾರ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ನನ್ನ ಅಂಗಡಿಯ ಒಂದು ಬೆಂಚು ಮಕ್ಕಳಿಗೆ ಬಿಟ್ಟಿದ್ದೇನೆ. ವೈಸ್, ಇಕ್ಕಳ, ಮೈಕ್ರೋಮೀಟರ್ ಇವೆ. ಬ್ಲೇಡ್ ಮತ್ತು ಅಂಟಿನ ಕೆಲಸ ನನ್ನ ಕಣ್ಣೆದುರೇ ಆಗಬೇಕು, ಕಿಟಕಿ ತೆರೆದಿರಬೇಕು, ಅಷ್ಟೇ ನಿಯಮ. ಈ ಬಗ್ಗೆ ಕೇಳಿಕೊಂಡು ನಿಮ್ಮ ಕಚೇರಿಗೆ ಯಾರಾದರೂ ಬಂದರೆ ದಯವಿಟ್ಟು ನನ್ನ ವಿಳಾಸ ಕೊಡಿ. 22ರಿಂದ 40 ನಂಬರಿನವರೆಗೆ ಉಳಿದ ತಂತಿಗಳನ್ನು ಬೇರೆ ಬೇರೆ ಡಬ್ಬಿಗೆ ತುಂಬಿ, ಮೇಲೆ ನಂಬರ್ ಬರೆದು ಇಟ್ಟಿದ್ದೇನೆ.

ಇಂತಿ ನಿಮ್ಮ ಓದುಗ,
ಒಬ್ಬ ಮೋಟಾರ್ ವೈಂಡರ್,
ದಾವಣಗೆರೆ